ಉಳಿಸಿಟ್ಟ ದಮ್ಮು

ಕನ್ನಡಕದಂಗಡಿಯ ಯಜಮಾನರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಆಕೆಗೆ ಸೈಕಲ್ ತುಳಿಯಲು ಬರುತ್ತಿತ್ತು, ತುಳಿಯುವ ಶಾಸ್ತ್ರ ಬರುತ್ತಿರಲಿಲ್ಲ. ಸೈಕಲ್ ಸಂಘದವರು ಟೈಮ್ ಟ್ರಯಲ್ ಇಟ್ಟಿದ್ದರು. ಒಬ್ಬರ ಹಿಂದೊಬ್ಬರನ್ನು ಬಿಡುತ್ತಾರೆ. ಕೆರೆ ಸುತ್ತಿ ಬರಲು ಯಾರಿಗೆ ಕಡಿಮೆ ಹೊತ್ತು ಹಿಡಿಯಿತೋ ಅವರು ಗೆದ್ದಂತೆ. ಯಜಮಾನರು ಈ ವಿದ್ಯೆಯನ್ನು ಅರೆದು ಕುಡಿದಿದ್ದರು.

“ಅರ್ಧ ದಾರಿ ದಮ್ಮು ಉಳಿಸ್ಕೋಬೇಕು. ಆಮೇಲೆ ಬಿಚ್ಚಬೇಕು,” ಎಂದು ಊಟದ ಮೇಜಿನ ಮೇಲೆ ಚಮಚ ಓಡಿಸಿ ತೋರಿಸಿದರು.

“ಬಿಚ್ಚೋಕೆ ಮರೆತುಹೋದ್ರೆ?” ಎಂದಳು ಹೆಂಡತಿ. ಸಂಗೀತದ ಟೀಚರ್ ಆಕೆ. ತಂಗಿಯ ಸೈಕಲ್ ತಂದು ತಾನೂ ಹೆಸರು ಕೊಟ್ಟಿದ್ದಳು.

“ನಗ್ಬೇಡ. ಮೊದಲೇ ಜೋರು ಮಾಡಿದ್ರೆ ನಡುದಾರೀಲಿ ಕೂತ್ಬಿಡ್ತೀಯ.”

“ಕೂತ್ಕೊಂಡೇ ಅಲ್ವಾ ತುಳಿಯೋದು?”

ಪಂದ್ಯದ ದಿನ ಯಜಮಾನರು ಮೊದಲು ಹೊರಟರು, ಅವರ ಹಿಂದೆ ಹೆಂಡತಿ. ಮೊದಲ ತಿರುವಿನಲ್ಲೇ ಆಕೆ ಇವರನ್ನು ದಾಟಿ, ತಿರುಗಿಯೂ ನೋಡದೆ ಹೋದಳು. ಯಜಮಾನರು ಕರುಣೆಯಿಂದ ನಕ್ಕರು. ಆಮೇಲೆ ದಾಟಿದ ಬೇಕರಿಯವನಿಗೂ, ನಿವೃತ್ತ ಜಡ್ಜ್ ಸಾಹೇಬರಿಗೂ ಅದೇ ನಗೆ ದಯಪಾಲಿಸಿದರು (ನಗುವುದಕ್ಕೆ ದಮ್ಮು ಖರ್ಚಾಗುವುದಿಲ್ಲವಲ್ಲ). ಅರ್ಧ ದಾರಿ ಬಂತು. ಎದುರುಗಾಳಿ ಇತ್ತು; ಏರಿಗೆ ಇರಲಿ ಅಂದುಕೊಂಡರು. ಏರು ಬಂದಾಗ, ಕೊನೆಗೆ ಇರಲಿ ಅಂದುಕೊಂಡರು. ಕೊನೆ ಯಾವಾಗ ಶುರುವಾಗುತ್ತದೆ ಎಂದು ನೋಡುತ್ತಿರುವಾಗಲೇ ಮುಗಿದುಹೋಯಿತು.

ಯಜಮಾನರೇ ಎಲ್ಲರಿಗಿಂತ ಕೊನೆ. ಹೆಂಡತಿ ಗೆದ್ದ ಕಪ್ಪು ಹಿಡಿದು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

“ಅಷ್ಟು ಅವಸರ ಏನಿತ್ತೇ?”

“ಮೋಡ ಕಾಣಿಸ್ತು. ಮಹಡಿ ಮೇಲೆ ಬಟ್ಟೆ ಒಣಹಾಕಿದೀನಿ. ಈಗ ನಂಗೆ ಏಳೋಕೂ ಆಗ್ತಿಲ್ಲ. ನಿಮ್ಮ ಹತ್ರ ದಮ್ಮು ಉಳಿದಿದೆಯಲ್ಲ, ಹೊರಡಿ.”

ಆಗ ತುಳಿದರು ನೋಡಿ. ಮನೆಗೆ ಮರಳುತ್ತಿದ್ದ ಬೇಕರಿಯವನನ್ನು ದಾಟಿದರು, ಜಡ್ಜ್ ಸಾಹೇಬರನ್ನು ದಾಟಿದರು, ಏರನ್ನು ಇಳಿಜಾರಿನಂತೆ ಹತ್ತಿದರು. ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ. ಮೊದಲ ಹನಿ ಬೀಳುವಷ್ಟರಲ್ಲಿ ಬಟ್ಟೆಯೆಲ್ಲ ಅವರ ತೋಳಿನಲ್ಲಿತ್ತು. ಎದೆ ಡಬಡಬ ಬಡಿಯುತ್ತಿದ್ದರೂ ಒಂದೊಂದನ್ನೇ ಕೊಡವಿ ಮಡಚಿಟ್ಟರು. ಇಷ್ಟು ಹಾಯಾಗಿ ಅವರು ಎಂದೂ ದಣಿದಿರಲಿಲ್ಲ.

ತಂಗಿಯ ಕಾರಿನಲ್ಲಿ ಬಂದಿಳಿದ ಹೆಂಡತಿ ಮಡಿಕೆಗಳನ್ನು ಸವರಿ ನೋಡಿದಳು. “ಚೆನ್ನಾಗಿ ಮಡಚಿದೀರ. ಆದ್ರೆ ಇವು ಕೆಳಗಿನ ಮನೆಯವರ ಬಟ್ಟೆ.”

ಅಷ್ಟರಲ್ಲಿ ಕೆಳಗಿನ ಮನೆಯಾಕೆಯೇ ಹತ್ತಿ ಬಂದು ಬಟ್ಟೆಯನ್ನು ಎದೆಗವಚಿಕೊಂಡಳು. “ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣ್ರೀ.”

“ಮಾಡಿದೀನಲ್ಲ,” ಎಂದಳು ಹೆಂಡತಿ, ಮೇಲೆ ಮಹಡಿಯ ಕಡೆ ಕೈ ತೋರಿಸುತ್ತ. “ಅಲ್ಲಿ ಹಗ್ಗದ ಮೇಲೆ ನೆನೀತಿದೆ ನೋಡಿ.”