ಮುಖಪುಟದ ಮೇಲಿನ ಗಂಧದ ಹಾರ

ರೂಪೇಶ ತನ್ನ ಕೆಲಸದ ಬಗ್ಗೆ ಎಂದೂ ಅನುಮಾನ ಪಟ್ಟವನಲ್ಲ. ಹಂಪನಕಟ್ಟೆಯ ಹಳೆಯ ಕಟ್ಟಡವೊಂದರಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವ ಅವನದು ಒಂದೇ ಸಿದ್ಧಾಂತ: ಹೊಸಬರು ಪುಟ ತೆರೆದ ಕೂಡಲೇ ಇದು ಯಾವ ಬಳಗ, ಇಲ್ಲಿ ತಮಗೇನು ಕೆಲಸ ಎಂದು ತಿಳಿಯಬೇಕು. ಗಿಡ ಹಂಚಿಕೊಳ್ಳುವ 'ಹಿತ್ತಿಲು ಬಳಗ'ದ ಮುಖಪುಟವನ್ನೂ ಹಾಗೆಯೇ ಮಾಡಿದ್ದ. ಮೇಲೆ ದಪ್ಪಕ್ಷರದಲ್ಲಿ 'ಗಿಡ ಕೊಡಿ, ಗಿಡ ಒಯ್ಯಿರಿ', ಅದರ ಕೆಳಗೆ ಬಸಳೆ ಬಳ್ಳಿಯ ಚಿತ್ರ, ಪಕ್ಕದಲ್ಲೇ 'ಸೇರಿಕೊಳ್ಳಿ' ಎಂಬ ಹಸಿರು ಬಟನ್.

ಸೈಟ್ ತೆರೆಯುವ ದಿನ ಬೆಳಿಗ್ಗೆ ಬಳಗದ ಅಧ್ಯಕ್ಷ ಲೋಕಯ್ಯನವರ ಫೋನ್ ಬಂತು. ರೂಪೇಶನಿಗೆ ಅವರು ಬರೀ ಅಧ್ಯಕ್ಷರಲ್ಲ, ಅವನು ಮೆಚ್ಚಿದ ತೃಪ್ತಿಯ ಅಪ್ಪ. ಹೆಣ್ಣು ಕೇಳಲು ಅಮ್ಮನನ್ನು ಕರೆದುಕೊಂಡು ಭಾನುವಾರ ಬರಲೇ ಎಂದಿದ್ದಕ್ಕೆ, "ಮೊದಲು ಸೈಟ್ ನೋಡುವ" ಎಂದಿದ್ದರು.

"ಎಂತ ಮಾರಾಯ, ನನ್ನ ಫೋಟೋವೇ ಇಲ್ಲ?"

"ಉಂಟು ಅಂಕಲ್, ಕೆಳಗೆ ಉಂಟು."

"ಅಧ್ಯಕ್ಷ ಕೆಳಗೆ, ಬಸಳೆ ಮೇಲೆಯಾ? ನನ್ನ ಸನ್ಮಾನದ ಫೋಟೋ ಕಳಿಸ್ತೇನೆ. ಮೇಲೆ ಹಾಕು, ದೊಡ್ಡದಾಗಿ."

ಹಿಂದಿನಿಂದ ಅವರ ಹೆಂಡತಿ ಹೇಮಾಕ್ಷಿಯ ದನಿ: "ಒಂದು ದೀಪವೂ ಇರ್ಲಿ. ಶುಭಾರಂಭ ಅಲ್ವಾ?"

ಮಾವನಾಗುವವರ ಮಾತು! ರೂಪೇಶ ಸಿದ್ಧಾಂತವನ್ನು ಮಡಚಿಟ್ಟ. ಶಾಲು, ಹಣ್ಣಿನ ಬುಟ್ಟಿ, ಅಕ್ಕಪಕ್ಕ ನಿಂತವರು ಚೌಕಟ್ಟಿನಲ್ಲಿ ಹಿಡಿಸಲಿಲ್ಲ, ಎಲ್ಲವನ್ನೂ ಕತ್ತರಿಸಿದ. ಉಳಿದದ್ದು ಲೋಕಯ್ಯನವರ ನಗುಮುಖ, ಕೊರಳಲ್ಲಿ ಗಂಧದ ಹಾರ. ಕೆಳಗೆ ದೀಪ ಉರಿಯಿತು. ಗಿಡ ಕೊಡುವ ಒಯ್ಯುವ ಮಾತೆಲ್ಲ ಪಾತಾಳಕ್ಕೆ ಇಳಿಯಿತು.

ಲೋಕಯ್ಯನವರು ಬಳಗದ ಹೆಸರಿನಲ್ಲಿ ಊರಿಗೆಲ್ಲ ಲಿಂಕ್ ಕಳಿಸಿದರು. ಸ್ವಲ್ಪ ಹೊತ್ತಿಗೇ ರೂಪೇಶನಿಗೆ ಕರೆ ಬಂತು.

"ನಾನು ಫಳ್ನೀರಿನ ಬೆನಿಟಾ ಟೀಚರ್. ನಿಮ್ಮ ನಂಬರ್ ಸೈಟಿನಲ್ಲಿತ್ತು. ಛೆ, ಯಾವಾಗ ಹೋದದ್ದು?"

"ಯಾರು?"

"ಫೋಟೋದಲ್ಲಿ ಇದ್ದಾರಲ್ಲ, ಅವರು. ಪಾಪ, ಎಷ್ಟು ಚೆಂದ ನಗ್ತಿದ್ದಾರೆ."

ರೂಪೇಶ ಮುಖಪುಟವನ್ನು ಹೊಸಬರ ಕಣ್ಣಿನಿಂದ ನೋಡಿದ. ಕೊರಳಲ್ಲಿ ಹಾರ, ಕೆಳಗೆ ದೀಪ: ತೀರಿಹೋದವರ ಫೋಟೋವೇ! ಫೋಟೋದ ಕೆಳಗೆ ಆಗಲೇ ಸಂತಾಪದ ಮಳೆ: 'ಇಂಥ ಸಜ್ಜನ ಇನ್ನು ಹುಟ್ಟುವುದಿಲ್ಲ', 'ನಮ್ಮ ಊರಿನ ಕಣ್ಣೇ ಹೋಯಿತು.' ಅಷ್ಟರಲ್ಲಿ ಹೇಮಾಕ್ಷಿಯ ಫೋನ್.

"ಮನೆಗೆ ಯಾರೋ ಹೂ ಹಿಡ್ಕೊಂಡು ಬಂದ್ರು ಮಾರಾಯ! ಬಾಗಿಲು ತೆಗೆದದ್ದು ಇವರೇ! ನೀನು ಈಗಲೇ ಬಾ."

ಹೊರಡುವ ಮೊದಲು ರೂಪೇಶ ಧೈರ್ಯ ತಂದುಕೊಂಡು ಎಲ್ಲ ಸರಿಮಾಡಿದ. ಬಸಳೆಯನ್ನು ಮೇಲೆ ತಂದ, ದೀಪ ಆರಿಸಿದ, ಸಂತಾಪಗಳನ್ನು ಒಂದೂ ಉಳಿಸದೆ ಅಳಿಸಿದ. ಹಾರ ಕತ್ತರಿಸಿ ಫೋಟೋವನ್ನು ಅಂಚೆಚೀಟಿಯಷ್ಟು ಮಾಡಿ ತೀರಾ ಕೆಳಗಿಟ್ಟ. ಇನ್ನು ಬೈದರೂ ಉತ್ತರ ಉಂಟು ಎಂದುಕೊಂಡು ಕೊಡಿಯಾಲ್‌ಬೈಲಿಗೆ ಓಡಿದ.

ಲೋಕಯ್ಯನವರು ಬೈಯಲಿಲ್ಲ. ಒದ್ದೆ ಕಣ್ಣಲ್ಲಿ ನಗುತ್ತಾ ಅವನ ಕೈ ಹಿಡಿದರು.

"ಇಷ್ಟು ವರ್ಷ ಬದುಕಿದೆ, ಒಬ್ಬನೂ ಒಳ್ಳೆ ಮಾತು ಆಡಿದ್ದಿಲ್ಲ. ಇವತ್ತು ನೋಡು, ಎಂತೆಂಥ ಮಾತು! ನನ್ನ ಹತ್ತಿರ ಜಗಳ ಆಡಿದ ಇಸಿದೋರ್ ಕೂಡ ಬರೆದಿದ್ದಾನೆ. ಭಾನುವಾರ ಅಮ್ಮನನ್ನು ಕರ್ಕೊಂಡು ಬಾ."

ಬಾಗಿಲ ಹಿಂದೆ ತೃಪ್ತಿ ನಕ್ಕಳು. ರೂಪೇಶನ ಕಾಲು ನೆಲದ ಮೇಲಿರಲಿಲ್ಲ.

"ನಿಲ್ಲು, ತೃಪ್ತಿಗೂ ಓದಿ ಹೇಳ್ತೇನೆ," ಎಂದು ಲೋಕಯ್ಯನವರು ಫೋನಿನಲ್ಲಿ ಸೈಟ್ ತೆರೆದರು. ನಗು ಮೆಲ್ಲಗೆ ಮುಖದಿಂದ ಇಳಿಯಿತು. "ಎಲ್ಲಿ? ಎಲ್ಲ ಎಲ್ಲಿ ಹೋಯ್ತು?"

ರೂಪೇಶ ಬಾಯಿ ತೆರೆಯುವ ಮೊದಲೇ ಪುಟದಲ್ಲಿ ಹೊಸ ಸದಸ್ಯೆಯ ಮಾತು ಮೂಡಿತು. ಲೋಕಯ್ಯನವರು ಅದನ್ನೇ ಗಟ್ಟಿಯಾಗಿ ಓದಿದರು:

"ಈಗ ಒಂದೇ ನೋಟಕ್ಕೆ ಅರ್ಥ ಆಯ್ತು, ಇದು ಗಿಡದ ಬಳಗ. ನನಗೊಂದು ಬಸಳೆ ಬಳ್ಳಿ ಬೇಕು. ಅಂದಹಾಗೆ, ಕೆಳಗಿರುವ ಆ ಸಣ್ಣ ಫೋಟೋ ಯಾರದ್ದು? ಬೆನಿಟಾ, ಫಳ್ನೀರ್."