ಹುಳ ಎಬ್ಬಿಸಿದ ಭಾವ

ನಮ್ಮ ಭಾವನವರಿಗೆ ಮನುಷ್ಯರ ನಿದ್ದೆಯ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಹುಳುಗಳ ನಿದ್ದೆ ಎಂದರೆ ಮಾತ್ರ ದನಿ ತಗ್ಗಿಸುತ್ತಿದ್ದರು! ಮೂಡಿಗೆರೆ ಹತ್ತಿರ ಬಿಳಿ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ ಅವರು ಲೆಕ್ಕಪತ್ರ ಬರೆಯುವ ರೈಟರ್. ನಾನು ಪಕ್ಕದೂರಿನ ಶಾಲೆಯಲ್ಲಿ ಮೇಷ್ಟ್ರು. ಅಕ್ಕನ ಮನೆಯೆಂದು ಊಟ, ವಾಸ ಎಲ್ಲ ಅಲ್ಲೇ. ಅನ್ನ ಹಾಕುವ ಮನೆಯ ಮೇಲೆ ದೂರು ಹೇಳಬಾರದು, ನಿಜ. ಆದರೆ ನನಗೂ ಸುಸ್ತಾಗುವುದಿಲ್ಲವೆ?

ಮಳೆಗಾಲ ಮುಗಿಯುತ್ತಿದ್ದಂತೆ ಭಾವ ಹಿತ್ತಲಿನ ದಾಲ್ಚಿನ್ನಿ ಗಿಡಗಳಿಂದ ದೊಡ್ಡ ಪತಂಗದ ಗೂಡುಗಳನ್ನು ಬಿಡಿಸಿ ತರುತ್ತಿದ್ದರು. ಒಣಗಿದೆಲೆ ಸುತ್ತಿಕೊಂಡ ಆ ಗೂಡಿನೊಳಗೆ ಹುಳು ಚಳಿಗಾಲವಿಡೀ ಅಲ್ಲಾಡದೆ ಮಲಗಿದ್ದು, ಮುಂಗಾರಿಗೆ ರೆಕ್ಕೆ ಕಟ್ಟಿಕೊಂಡು ಹೊರಬರುತ್ತದೆ. ಹೊತ್ತಾಯಿತು ಏಳು ಎಂದು ಅದಕ್ಕೆ ಹೇಳುವವರು ಯಾರು? ಹಗಲಿನ ಬಿಸಿ, ರಾತ್ರಿಯ ಥಂಡಿ, ಇವೆರಡೂ ಒಂದರ ಹಿಂದೊಂದು ಬಂದು ಎಬ್ಬಿಸುತ್ತವೆ ಎಂಬುದು ಭಾವನವರ ಸಿದ್ಧಾಂತ.

ಮೊದಲು ಒಂದಷ್ಟು ಗೂಡುಗಳನ್ನು ಬಚ್ಚಲಿನ ಹಂಡೆ ಒಲೆಯ ಪಕ್ಕ ಹಗಲೂ ರಾತ್ರಿ ಬೆಚ್ಚಗಿಟ್ಟರು. ಅವು ಏಳುವ ಬದಲು ಒಣಗಿಹೋದವು. ಬಿಸಿ ಎಷ್ಟಿರಬೇಕೆಂದು ತಿಳಿಯಲು ಜ್ವರ ನೋಡುವ ಥರ್ಮಾಮೀಟರ್ ತಂದು ಇನ್ನೊಂದು ಗೂಡಿಗೆ ಒತ್ತಿ ಹಿಡಿದರು. ಪಾದರಸ ಏರಲೇ ಇಲ್ಲ.

"ಸದ್ಯ, ಜ್ವರ ಇಲ್ಲ" ಎಂದು ಅಕ್ಕ ಒಳಗೆ ಹೋದಳು.

ಅಸಲು ಗೋಳು ಶುರುವಾದದ್ದು ಆಮೇಲೆ. ಗೂಡು ಅಲುಗಾಡಬಾರದಂತೆ! ಹಾಗಾಗಿ ಗೂಡುಗಳ ಬುಟ್ಟಿ ಬಚ್ಚಲಲ್ಲೇ ಇರಬೇಕು. ಬೆಳಿಗ್ಗೆ ಒಲೆ ಉರಿಯಬೇಕು, ಸೂರ್ಯ ಮುಳುಗಿದ ಕೂಡಲೇ ಆರಿಸಿ ಕಿಟಕಿ ತೆರೆಯಬೇಕು. ಪುಷ್ಯಮಾಸದ ಚಳಿಯಲ್ಲಿ ಸಂಜೆ ಮೀಯಲು ಹನಿ ಬಿಸಿನೀರಿಲ್ಲ. ಕಳಸದಿಂದ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಬಂದ ನಮ್ಮಪ್ಪನಿಗೂ ರಿಯಾಯಿತಿ ಸಿಗಲಿಲ್ಲ. ಈಗ ಒಲೆ ಹಚ್ಚಿದರೆ ಹುಳಕ್ಕೆ ಹಗಲಾಯಿತೆಂಬ ಭ್ರಮೆಯಾಗುತ್ತದೆ ಎಂದು ಭಾವ ಬಹಳ ವಿನಯದಿಂದ ವಿವರಿಸಿದರು. ಮರುದಿನ ಹಂಡೆ ಕಾಯುವ ಮೊದಲೇ ಅಪ್ಪ ಊರಿನ ದಾರಿ ಹಿಡಿದಿದ್ದರು.

"ನಾನೂ ಒಂದು ಗೂಡು ಕಟ್ಕೊಂಡು ಮಲಗ್ತೀನಿ ಮಾರಾಯ. ಮಳೆ ಬಂದ್ಮೇಲೆ ಎಬ್ಸು" ಎಂದಳು ಅಕ್ಕ ನನಗೆ. ಅವಳು ನಗುತ್ತಿರಲಿಲ್ಲ.

ಶಿವರಾತ್ರಿಗೂ ಮೊದಲೇ, ಒಂದು ಬೆಳಿಗ್ಗೆ, ಬಚ್ಚಲ ಕಿಟಕಿಯ ಸರಳಿಗೆ ಎರಡು ಅಂಗೈಯಗಲದ ಪತಂಗ ಜೋತುಬಿದ್ದಿತ್ತು. ಹೆಣ್ಣು. ಭಾವ ಗೆದ್ದಿದ್ದರು! ಅಂದು ಎಸ್ಟೇಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹೇಳಿದರಂತೆ. ಕಾಫಿ ಬೀಜ ಬೇಗ ಒಣಗಿಸುವ ಉಪಾಯವೇನಾದರೂ ಉಂಟೇ ಎಂದು ಮೇಸ್ತ್ರಿ ಕೇಳಿದನಂತೆ.

ಆ ಜಾತಿಯ ಪತಂಗಕ್ಕೆ ತಿನ್ನಲು ಬಾಯಿಯೇ ಇಲ್ಲ. ರೆಕ್ಕೆ ಬಂದ ಮೇಲಿನ ನಾಲ್ಕಾರು ದಿನ ಜೊತೆ ಹುಡುಕುವುದಕ್ಕೆ ಮಾತ್ರ. ಭಾವ ಕಿಟಕಿ ತೆರೆದೇ ಇಟ್ಟರು. ಯಾವ ಗಂಡೂ ಬರಲಿಲ್ಲ. ಎಲ್ಲಿಂದ ಬರಬೇಕು? ಕಾಡಿಗೆ ಕಾಡೇ ಇನ್ನೂ ಮಲಗಿತ್ತು. ದಿನಾ ಬೆಳಿಗ್ಗೆ ಅದು ಅದೇ ಸರಳಿನಲ್ಲಿ, ರೆಕ್ಕೆ ಇನ್ನಷ್ಟು ಹರಿದುಕೊಂಡು ಕೂತಿರುತ್ತಿತ್ತು. ಕಡೆಗೊಂದು ದಿನ ಕೆಳಗೆ ಬಿದ್ದಿತ್ತು. ಭಾವ ಆಫೀಸಿಗೆ ಹೋಗದೆ ಬಚ್ಚಲ ಹೊಸ್ತಿಲಲ್ಲೇ ಕೂತರು.

"ನಾನು ಎಬ್ಬಿಸಬಾರದಿತ್ತು ಕಣೇ" ಎಂದರು.

ತಿಂಗಳುಗಟ್ಟಲೆ ಬೈದುಕೊಂಡಿದ್ದ ಅಕ್ಕ ಈಗ ಒಂದೂ ಕೊಂಕು ಆಡಲಿಲ್ಲ. ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಉಳಿದವು ಮಲಗಿರ್ಲಿ ಬಿಡಿ. ಏಳುವಾಗ ಜೊತೇಲಿ ಯಾರಾದ್ರೂ ಇರ್ಬೇಕು" ಎಂದಳು.

ಬುಟ್ಟಿಯಲ್ಲಿ ಉಳಿದಿದ್ದ ಗೂಡುಗಳನ್ನು ಇಬ್ಬರೂ ಸೇರಿ ದಾಲ್ಚಿನ್ನಿ ಗಿಡಕ್ಕೆ ಬಾಳೆನಾರಿನಲ್ಲಿ ಕಟ್ಟಿದರು.

ಮುಂಗಾರು ಹಿಡಿದು ವಾರವಾಗಿತ್ತು. ಮಳೆ ಹೊಳವಾಗಿ ಬಿಸಿಲು ಇಣುಕಿದ ಒಂದು ಮುಂಜಾನೆ ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಗಿಡದ ಕೊಂಬೆಯಲ್ಲಿ ಎರಡು ಪತಂಗಗಳು ಅಂಟಿಕೊಂಡು ಕೂತಿದ್ದವು. ಅವನ್ನು ಕಂಡ ಭಾವನವರು ಬಿಸಿಯ ಮಾತೂ ಎತ್ತಲಿಲ್ಲ, ಥಂಡಿಯ ಮಾತೂ ಎತ್ತಲಿಲ್ಲ. ಒಳಗೆ ಹೋದವರು ಒಲೆ ಮುಂದಿದ್ದ ಅಕ್ಕನನ್ನು, ನಾನಲ್ಲಿದ್ದೇನೆಂಬುದನ್ನೂ ಮರೆತು, ಕೈಹಿಡಿದು ಕರೆತಂದರು. ಇಬ್ಬರೂ ಬಹಳ ಹೊತ್ತು ಹಾಗೆಯೇ ನಿಂತಿದ್ದರು. ನಾನು ಬಾವಿಯ ಕಡೆ ತಿರುಗಿ, ಉಜ್ಜಿದ ಹಲ್ಲನ್ನೇ ಮತ್ತೆ ಉಜ್ಜತೊಡಗಿದೆ.