ಯೂರೋಪಿನಲ್ಲಿ ಒಂದು ಇಂಗ್ಲಿಷ್ ಪುಸ್ತಕಕ್ಕಾಗಿ

ಅಕ್ಕನ ಜೊತೆ ಮನೆ ಬಿಟ್ಟು ಹೊರಟರೆ ಏನಾದರೊಂದು ಆಗದೇ ಇರೋದಿಲ್ಲ. ಮಂಡ್ಯಕ್ಕೆ ತರಕಾರಿ ತರಲು ಹೋದರೂ ಆಗುತ್ತೆ, ಯೂರೋಪಿಗೆ ಹೋದರೂ ಆಗುತ್ತೆ. ಅವಳು ಪಕ್ಕದ ಹಳ್ಳಿ ಹೊಳಲಲ್ಲಿ ಗದ್ದೆ ನೋಡಿಕೊಳ್ಳೋಳು; ನಾನು ಮಂಡ್ಯದಲ್ಲಿದ್ದು ಮಳವಳ್ಳಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡೋಳು. ಕೊಲೆ ಕಾದಂಬರಿ ಅಂದರೆ ನನಗೆ ಪ್ರಾಣ. ಬೇಸಿಗೆ ರಜೆಯಲ್ಲಿ ಇಬ್ಬರೂ ಒಂದು ಬಸ್ ಟೂರಿಗೆ ಸೇರಿಕೊಂಡೆವು.

೧. ತೂಕ

ಆಗ ಓದುತ್ತಿದ್ದ ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಜಮೀನ್ದಾರ ಕೊಲೆಯಾಗಿದ್ದ. ಕೊಂದವರು ಯಾರು ಅಂತ ತಿಳಿಯೋ ಕೊನೇ ಅಧ್ಯಾಯವನ್ನು ವಿಮಾನದಲ್ಲಿ ಸವಿಯೋಣ ಅಂತ ಬೇಕಂತಲೇ ಉಳಿಸಿ, ಗುರುತಿಗೆ ಮದ್ದೂರು ಬಸ್ಸಿನ ಟಿಕೆಟ್ಟು ಸಿಕ್ಕಿಸಿದ್ದೆ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು; ಇನ್ನೊಂದು ಪ್ರತಿ ಎಲ್ಲಿ ಹುಡುಕಿದರೂ ಇರಲಿಲ್ಲ.

ವಿಮಾನದಲ್ಲಿ ಬ್ಯಾಗು ತೆರೆದರೆ ಪುಸ್ತಕವೇ ಇಲ್ಲ.

"ತೂಕ ಜಾಸ್ತಿ ಆಯ್ತದೆ ಅಂತ ಮನೇಲೇ ತೆಗ್ದಿಟ್ಟೆ ಕಣಮ್ಮಿ" ಅಂದಳು ಅಕ್ಕ. "ಅಲ್ಲೆಲ್ಲಾ ಬಿಳೀ ಜನ. ಇಂಗ್ಲೀಸ್ ಪುಸ್ತಕ ಬೀದಿಬೀದೀಲಿ ಬಿದ್ದಿರ್ತದೆ ಬುಡು."

ಪುಸ್ತಕ ತೆಗೆದ ಜಾಗಕ್ಕೆ ಇನ್ನೊಂದು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ ಇಟ್ಟಿದ್ದಳು.

೨. ಬೀದಿಬೀದೀಲಿ

ಪ್ಯಾರಿಸ್ಸಿನಲ್ಲಿ ಟೂರಿನವರು ಸ್ವಲ್ಪ ಬಿಡುವು ಕೊಟ್ಟರು. ಹೋಟೆಲಿನ ಪಕ್ಕದಲ್ಲೇ ಪುಸ್ತಕದಂಗಡಿ. ನಮ್ಮ ಕಡೆಯ ಕಲ್ಯಾಣಮಂಟಪದಷ್ಟು ದೊಡ್ಡದು. ಓಡಿದೆ. ಎಲ್ಲಾ ಫ್ರೆಂಚು. ಇಂಗ್ಲಿಷ್ ಯಾವುದಾದರೂ ಕೊಡಿ ತಾಯಿ ಅಂತ ಅಂಗಲಾಚಿದೆ. ಅಂಗಡಿಯಾಕೆ ಬಹಳ ಮರ್ಯಾದೆಯಿಂದ ಮೂಲೆಗೆ ಕರೆದೊಯ್ದು, ಇಂಗ್ಲಿಷಿನಲ್ಲಿ ಫ್ರೆಂಚ್ ಕಲಿಯೋ ಪುಸ್ತಕ ತೋರಿಸಿದಳು.

ಹೊರಗೆ ಬಂದರೆ ಅಕ್ಕ ಅಂಗಡಿ ಮೆಟ್ಟಿಲ ಮೇಲೆ ಕೂತು ಉಪ್ಪಿನಕಾಯಿ ಬಾಟಲಿಗೆ ಸುತ್ತಿದ್ದ, ಎಣ್ಣೆ ಕುಡಿದ ಕಾಗದ ಬಿಚ್ಚುತ್ತಿದ್ದಾಳೆ. ಕಾಗದವನ್ನು ಬಾಗಿಲ ಪಕ್ಕದ ಕಸದ ಡಬ್ಬಿಗೆ ಹಾಕಿ, ಉದ್ದನೆ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ಕಚ್ಚಿದಳು.

"ಸಿಕ್ತಾ?"

"ಇಲ್ಲಿ ಯಾರೂ ಇಂಗ್ಲಿಷ್ ಓದಲ್ಲ ಕಣಕ್ಕ!"

"ಅಯ್ಯೋ ಪಾಪ. ಇಲ್ಲೊಂದು ಕಾನ್ವೆಂಟ್ ತೆಗುದ್ರೆ ಎಂಗ್ ಓಡ್ತದೆ ನೋಡು!"

೩. ಬಸ್ಸಿನಲ್ಲಿ ಪಂಚಾಯ್ತಿ

ಓದಲು ಏನೂ ಇಲ್ಲದೆ ತಲೆ ಕೆಟ್ಟು, ಆ ಕಾದಂಬರಿಯ ಕಥೆಯನ್ನೇ ಅಕ್ಕನಿಗೆ ಹೇಳಲು ಶುರು ಮಾಡಿದೆ. ಬಂಗಲೆ, ಮಂಜು, ಚಾಕು ಎಲ್ಲಾ ವರ್ಣಿಸಿ ಇನ್ನೇನು ರಂಗೇರಬೇಕು, ಅಕ್ಕ ಕೈ ಅಡ್ಡ ಹಿಡಿದಳು.

"ಸತ್ತೋನ್ಗೆ ಬಾಮೈದ ಅವ್ನಾ?"

"ಇದಾನೆ."

"ಜಮೀನು?"

"ಬೇಕಾದಷ್ಟು."

"ಅಂಗಾದ್ರೆ ಅವ್ನೇ ಬುಡು. ಇದುಕ್ಕೆ ಅಷ್ಟು ದಪ್ಪ ಪುಸ್ತಕ ಯಾಕೆ ಬೇಕು?"

೪. ಪಂಚಾಂಗ

ಅಕ್ಕ ರಾಹುಕಾಲದಲ್ಲಿ ಬಸ್ಸು ಹತ್ತೋಳಲ್ಲ. ಪಂಚಾಂಗ ಜೊತೆಗೇ ತಂದಿದ್ದಳು, ವಾಚನ್ನು ಮಂಡ್ಯದ ಟೈಮಿನಲ್ಲೇ ಬಿಟ್ಟಿದ್ದಳು. ದಿನಾ ಅವಳೊಬ್ಬಳಿಗಾಗಿ ಬಸ್ಸು ಕಾಯೋದು, ಟೂರಿನ ಮ್ಯಾನೇಜರು ಅವಳಿಗೆ ಕೈ ಮುಗಿಯೋದು ನಡೆದೇ ಇತ್ತು.

ಸ್ವಿಟ್ಜರ್ಲೆಂಡಿನ ಹೋಟೆಲಲ್ಲಿ ಒಂದು ಕಪಾಟು. ನಿಮ್ಮದೊಂದು ಪುಸ್ತಕ ಇಟ್ಟು ಇಲ್ಲಿಂದೊಂದು ಒಯ್ಯಿರಿ ಅನ್ನೋದು ಅಲ್ಲಿಯ ಪದ್ಧತಿ. ನೋಡುತ್ತೇನೆ, ನನ್ನ ಕಾದಂಬರಿ! ರಟ್ಟಿನ ಮೇಲೆ ಅದೇ ಕೆಂಪು ಕುರ್ಚಿ, ಕೆಳಗೆ ಬಿದ್ದ ಅದೇ ಚಾಕು, ಬರೆದವರ ಹೆಸರೂ ಅದೇ. ಆದರೆ ಅಲ್ಲಿಡಲು ನನ್ನ ಹತ್ತಿರ ಪುಸ್ತಕವೆಲ್ಲಿದೆ? ಬಸ್ಸು ಬೇರೆ ಹಾರ್ನ್ ಹೊಡೆಯುತ್ತಿತ್ತು.

ಅಕ್ಕ ನನ್ನ ಮುಖ ನೋಡಿದಳು. ಪಂಚಾಂಗ ತೆಗೆದು ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಟ್ಟಳು. "ತಕ್ಕೊ ಓಗು. ನೀನು ಇಂಗೆ ಮೊಕ ಸಣ್ಣ ಮಾಡ್ಕಂಡಿರೋದ ನೋಡಕ್ಕಾಗಕಿಲ್ಲ."

ನನಗೆ ಕಣ್ಣಲ್ಲಿ ನೀರೇ ಬಂತು. ಪುಸ್ತಕ ಎದೆಗವಚಿಕೊಂಡು ಬಸ್ಸು ಹತ್ತಿದೆ. ಬಸ್ಸು ಬೆಟ್ಟ ಇಳಿದ ಮೇಲೆ ತೆರೆದರೆ, ಮೊದಲಿಂದ ಕೊನೇವರೆಗೂ ಜರ್ಮನ್.

"ಬಾಮೈದ ಅಂತ ನಾನೇಳಿದ್ರೆ ಕೇಳ್ಲಿಲ್ಲ" ಅಂದಳು ಅಕ್ಕ. "ನನ್ ಪಂಚಾಂಗಾನೂ ಓಯ್ತು."

ಈಗ ಆ ಬೆಟ್ಟದ ಮೇಲೆ ಯಾರೋ ಒಬ್ಬ ರಾಹುಕಾಲ ಕಳೆದ ಮೇಲೆ ಹಾಲು ಕರೆಯುತ್ತಿರಬೇಕು.

೫. ಕೊನೇ ಅಧ್ಯಾಯ

ಮಂಡ್ಯದ ಮನೆ ಬಾಗಿಲು ತೆಗೆದವಳೇ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಓಡಿದೆ. ರಾಗಿಹಿಟ್ಟಿನ ಡಬ್ಬದ ಮೇಲೆ ನನ್ನ ಪುಸ್ತಕ ಕೂತಿತ್ತು. ದೇವರೇ ಅಂತ ತೆರೆದೆ. ಮದ್ದೂರು ಟಿಕೆಟ್ಟು ಇತ್ತು. ಟಿಕೆಟ್ಟಿನ ಆಚೆಗೆ ರಟ್ಟು ಬಿಟ್ಟರೆ ಏನೂ ಇರಲಿಲ್ಲ.

"ಅಕ್ಕಾ! ಇದರ ಹಾಳೆಗಳೆಲ್ಲಿ?"

"ಅದಾ? ಉಪ್ಪಿನಕಾಯಿ ಬಾಟ್ಲಿ ಎಣ್ಣೆ ಸೋರ್ತಿತ್ತು, ಸುತ್ತಕ್ಕೆ ವಸಿ ಕಾಗ್ದ ಬೇಕಿತ್ತು."

"ಪ್ಯಾರಿಸ್ಸಲ್ಲಿ ಬಿಚ್ಚಿ ಬಿಸಾಕಿದೆಯಲ್ಲ, ಆ ಕಾಗದವಾ?"

"ಊ ಕಣೆ. ಆ ಪುಸ್ತಕದಂಗ್ಡಿ ಬಾಗ್ಲಲ್ಲೇ."

ಅಂದರೆ ನಾನು ಒಳಗೆ ಇಂಗ್ಲಿಷಿಗಾಗಿ ಅಂಗಲಾಚುತ್ತಿದ್ದಾಗ, ಮಂಡ್ಯದಿಂದ ನನ್ನದೇ ಬ್ಯಾಗಿನಲ್ಲಿ ಬಂದಿದ್ದ ನನ್ನ ಕೊನೇ ಅಧ್ಯಾಯ ಹೊರಗೆ ಕಸದ ಡಬ್ಬಿ ಸೇರುತ್ತಿತ್ತು.

"ಕೀಳೋದಿದ್ದರೆ ಮೊದಲಿಂದ ಕೀಳಬಾರದಿತ್ತಾ? ಅದನ್ನೆಲ್ಲ ಓದಿ ಮುಗಿಸಿದ್ದೆನಲ್ಲೇ!" ಅಂತ ಕಿರುಚಿದೆ.

ಅಕ್ಕ ಬೆಚ್ಚಿಬಿದ್ದು ಎರಡೂ ಕೆನ್ನೆ ತಟ್ಟಿಕೊಂಡಳು.

"ಬುಡ್ತು ಅನ್ನು! ಓದಿರೋ ಆಳೆ ಸರಸ್ವತಿ ಕಣಮ್ಮಿ, ಕಿತ್ರೆ ಪಾಪ ಬತ್ತದೆ. ಅದ್ಕೇ ನೀನು ಓದ್ದೇ ಇರೋ ಕಡೆ ನೋಡಿ ಕಿತ್ತೆ."